ಸೀಟು ಹಿಡಿದುಕೊಟ್ಟ ಮಂಜು

ಚುನಾವಣೆಗೆ ಮುಂಚೆ ಸರ್ವೆ ಕೆಲಸಕ್ಕೆ ಸೇರಿದ್ದೆ. ಮೊದಲ ಸಲ ಓಟು ಹಾಕುವವರು ಯಾವ ಪಕ್ಷಕ್ಕೆ ಹಾಕುತ್ತಾರೆ, ಯಾಕೆ ಅಂತ ಕೇಳಬೇಕಿತ್ತು. ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ ಶಿಫ್ಟ್ ಮುಗಿಸಿ ನಿಂತಿದ್ದ ಮಂಜು ಅನ್ನುವ ಹುಡುಗ ಖುಷಿಯಿಂದಲೇ ಮಾತಾಡಿದ. ಧರ್ಮ ಉಳಿಸುತ್ತೇವೆ ಅನ್ನುವ ಪಕ್ಷಕ್ಕೇ ಅವನ ಓಟು.

"ಕಾಂಟ್ರಾಕ್ಟ್ ಕೆಲಸ ಅಕ್ಕ. ಫ್ಯಾಕ್ಟ್ರೀಲಿ ನನ್ನ ಹೆಸ್ರು ಯಾರ್ಗೂ ಗೊತ್ತಿಲ್ಲ. ಪಕ್ಷದ ಆಫೀಸಿಗೆ ಹೋದ್ರೆ 'ಬಾ ಮಂಜು, ಕೂತ್ಕೊ' ಅಂತಾರೆ. ನಮ್ಮ ಕೆಲ್ಸ ಯಾರು ಕಿತ್ಕೊಂಡ್ರು ಅಂತ ಬಾಯ್ಬುಟ್ಟು ಹೇಳೋರೂ ಅವರೇ."

"ಯಾರು ಕಿತ್ಕೊಂಡಿದ್ದು?"

"ಇನ್ಯಾರು, ಸಾಬ್ರು ಕಣಕ್ಕ."

ಸುತ್ತ ನಿಂತಿದ್ದ ಅವನ ಗೆಳೆಯರು ತಲೆಯಾಡಿಸಿದರು. ಆಮೇಲೆ ಅವನು ಸಹಜವಾಗಿ ನನ್ನ ಹೆಸರು ಕೇಳಿದ. ಶೋಭಾ ಅಂದುಬಿಡಲೇ ಅನ್ನಿಸಿತು. "ಶಬಾನಾ" ಅಂದೆ.

"ನಿಮ್ಮನ್ನ ಅಂದಿದ್ದಲ್ಲ ಅಕ್ಕ" ಅಂದ ಮಂಜು, ನೆಲ ನೋಡುತ್ತ. ಅಷ್ಟರಲ್ಲಿ ಬಸ್ಸು ಬಂತು. ಅವನೇ ನುಗ್ಗಿ ಹೋಗಿ ನನಗೆ ಸೀಟು ಹಿಡಿದುಕೊಟ್ಟ. ಕೆಳಗಿಳಿದು ಕಿಟಕಿ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಭಾನುವಾರ ನಿಮ್ಮ ಜನ ಇರೋ ಕಡೆ ನಮ್ಮದು ಬೈಕ್ ರ‍್ಯಾಲಿ ಐತೆ. ಮನೆಯಿಂದ ಈಚೆ ಬರ್ಬೇಡಿ."

ಥ್ಯಾಂಕ್ಸ್ ಹೇಳಿದೆ. ನೀನೂ ಬರ್ತೀಯಾ ಅಂತ ಕೇಳುವ ಧೈರ್ಯವಾಗಲಿಲ್ಲ.

ಭಾನುವಾರ ಚಿಲಕ ಹಾಕಿಕೊಂಡು ಒಳಗೇ ಕೂತೆವು. ರ‍್ಯಾಲಿ ನಮ್ಮ ಬೀದಿಗೆ ಬರಲಿಲ್ಲ. ಬೈಕಿನಲ್ಲಿ ಬಂದವನು ಹಾಲಿನವನೊಬ್ಬನೇ. ಅವನಿಗೂ ಅಮ್ಮಿ ಬಾಗಿಲು ತೆಗೆಯಲಿಲ್ಲ. ದಿನವಿಡೀ ಹಾಲಿಲ್ಲದ ಟೀ ಕುಡಿದೆವು.