ಕುಲ್ಸುಮಬಿ ಅಕ್ಕೋರು ಮತ್ತು ಐದು ಗಂಟೆಯ ಬೀಗ

ಕುಲ್ಸುಮಬಿ ಅಕ್ಕೋರ ಕೈ ಕರಿಹಲಗೆಯ ಅರ್ಧಕ್ಕಷ್ಟೇ ನಿಲುಕುತ್ತಿತ್ತು. ಹಾಗಾಗಿ ಬ್ಯಾಡಗಿಯ ನಮ್ಮ ಹೈಸ್ಕೂಲಿನಲ್ಲಿ ಗಣಿತವೆಲ್ಲ ಹಲಗೆಯ ಕೆಳಗಿನ ಅರ್ಧದಲ್ಲೇ ನಡೆಯುತ್ತಿತ್ತು. ಮೇಲಿನ ಅರ್ಧ ಹಳೆಯ ಹೆಡ್ಮಾಸ್ತರ ತಿರಕಪ್ಪನವರ ಪಾಲು. ಸಂಜೆ ಶಾಲೆ ಬಿಟ್ಟ ಮೇಲೆ ಅಕ್ಕೋರು ಎಸ್ಸೆಸ್ಸೆಲ್ಸಿ ಹುಡುಗಿಯರಿಗೆ ಮತ್ತೆ ಪಾಠ ಹಿಡಿದರೆ, ತಿರಕಪ್ಪನವರು ತಾವೇ ಬಂದು ಮೇಲೆ ವೃತ್ತ ಬರೆದುಕೊಟ್ಟು, ಹಿಂದಿನ ಬೆಂಚಿನಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದರು.

ಈ ಸಂಜೆ ಪಾಠಕ್ಕೆ ಯಾರ ಹುಕುಮೂ ಇರಲಿಲ್ಲ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಎಷ್ಟೋ ಹುಡುಗಿಯರು ಹಗಲೆಲ್ಲ ಅವ್ವಂದಿರ ಜೊತೆ ಮಾರ್ಕೆಟ್ ಯಾರ್ಡಿನಲ್ಲಿ ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಪರೀಕ್ಷೆಯೂ ಅದೇ ಸುಗ್ಗಿಯಲ್ಲೇ. ಸಂಜೆ ಪಾಠ ನಿಂತರೆ ಅವರ ಓದು ಅಲ್ಲಿಗೇ ಖತಂ.

೧೯೮೭ರಲ್ಲಿ ತಿರಕಪ್ಪನವರು ನಿವೃತ್ತರಾದರು. ಹಾವೇರಿಯಿಂದ ಹೊಸ ಹೆಡ್ಮಾಸ್ತರರಾಗಿ ಹಾಲಸಿದ್ದಪ್ಪನವರು ದಂಡೆತ್ತಿ ಬಂದರು: ಇಸ್ತ್ರಿಯ ಬಿಳಿ ಸಫಾರಿ, ಕಿರುಗುಡುವ ಬೂಟು. ಮೊದಲ ಮೀಟಿಂಗಿನಲ್ಲೇ ಸಾಮ್ರಾಜ್ಯದ ಕಾನೂನು ಸಾರಿದರು.

"ಐದಕ್ಕ ಎಲ್ಲಾ ಖೋಲಿಗೂ ಬೀಗ. ನನ್ನ ಪರವಾನಿಗಿ ಇಲ್ಲದ ಯಾರೂ ಪಾಠ ಮಾಡಂಗಿಲ್ಲ."

ಪರಿಣಾಮ ಅದ್ಭುತ. ಮನೆಗೆ ಹೋಗಿರೆಂದರೂ ಹೋಗದಿದ್ದ ನಾವು ಮಾಸ್ತರರೆಲ್ಲ ಐದರ ಗಂಟೆಯ ಸದ್ದಡಗುವ ಮೊದಲೇ ಸೈಕಲ್ ಏರತೊಡಗಿದೆವು. ಡ್ರಾಯಿಂಗ್ ಮಾಸ್ತರರು ಬಿಡಿಸುತ್ತಿದ್ದ ಆನೆಗೆ ಸೊಂಡಿಲು ಮರುದಿನ ಬಂತು. ಶಿಸ್ತೆಂದರೆ ಶಿಸ್ತು!

ಅಕ್ಕೋರು ಮಾತ್ರ ಹೆಡ್ಮಾಸ್ತರರ ಖೋಲಿಗೆ ನುಗ್ಗಿದರು.

"ಪರವಾನಿಗಿ ಕೊಡ್ರಿ ಸರ."

"ಅರ್ಜಿ ಬರೀರಿ, ವಿಚಾರ ಮಾಡೂಣು."

"ಪರೀಕ್ಷಾ ವಿಚಾರ ಮಾಡ್ಕೋತ ಕುಂದ್ರಂಗಿಲ್ರಿ, ಬಂದ ಬಿಡತೈತಿ."

"ಅಕ್ಕೋರ, ಇಲ್ಲಿ ಹೆಡ್ಮಾಸ್ತರ ಯಾರು?"

"ನೀವರಿ. ಬೀಗಾನೂ ನಿಮ್ದ. ಹುಡುಗ್ಯಾರು ನಮ್ಮವ್ರು."

ಅಂದು ಸಂಜೆಯೇ ಗಣಿತ ಮಾರ್ಕೆಟ್ ಯಾರ್ಡಿಗೆ ವಲಸೆ ಹೋಯಿತು. ಕೆಂಪು ರಾಶಿಗಳ ನಡುವೆ ಹುಡುಗಿಯರು ತೊಟ್ಟು ಬಿಡಿಸುತ್ತ ಕೂತರು. ಅಕ್ಕೋರು ಗೋಣಿಚೀಲದ ಮೇಲೆ ಸೀಮೆಸುಣ್ಣದಿಂದ ತ್ರಿಭುಜ ಬರೆದರು. ಅಲ್ಲಿಯ ರೀತಿಯಂತೆ ಹಮಾಲರಿಂದ ಹಿಡಿದು ಎಲ್ಲರ ಮೂಗಿಗೂ ಬಟ್ಟೆ.

ಸುದ್ದಿ ಮುಟ್ಟಿದ್ದೇ ಹಾಲಸಿದ್ದಪ್ಪನವರು ಹೊರಟರು. ಜವಾನ ಡಾಕಪ್ಪ ತನ್ನ ಟವೆಲ್ ಚಾಚಿದ. "ಮೂಗಿಗೆ ಕಟ್ಕೋರಿ ಸರ, ಘಾಟು ಭಾಳ ಐತಿ."

"ಹೆಡ್ಮಾಸ್ತರ ಮಾರಿ ಮುಚ್ಕೊಂಡು ಹೋಗಬೇಕೇನೋ? ನಾನೇನು ಕಳ್ಳನಾ?"

ತೆರೆದ ಮುಖದಿಂದಲೇ ಯಾರ್ಡು ಹೊಕ್ಕರು. ಸರಿಯಾಗಿ ಆಗಲೇ ಹಮಾಲರು ಪಕ್ಕದ ರಾಶಿ ತಿರುವಿಹಾಕಿದರು.

"ಅಕ್ಕೋರ! ನಿಮಗ ಮೆಮೊ... ಆಕ್ಷೀ! ಮೆಮೊ ಕೊ... ಆಕ್ಷೀ!"

ಮೆಮೊ ಮೂಗು ದಾಟಿ ಹೊರಗೆ ಬರಲೇ ಇಲ್ಲ. ಸಫಾರಿ ಕೆಂಪಾಯಿತು, ಕಣ್ಣಿಂದ ಧಾರೆ ಹರಿಯಿತು. ಹಮಾಲರು ಅವರನ್ನು ಚೀಲದ ಮೇಲೆ ಕೂಡಿಸಿ ನೀರು, ಬೆಲ್ಲ ಕೊಟ್ಟರು. ಅಕ್ಕೋರು ಪಾಠ ನಿಲ್ಲಿಸಲಿಲ್ಲ.

"ಹೇಳ ಗುಡ್ಡವ್ವಾ, ಪ್ರಮೇಯ ಹೇಳು."

ಗುಡ್ಡವ್ವ ತೊಟ್ಟು ಬಿಡಿಸುತ್ತಲೇ ಶುರುಮಾಡಿ ನಡುವೆ ತಡವರಿಸಿದಳು. ಎಷ್ಟಾದರೂ ಹಾಲಸಿದ್ದಪ್ಪನವರೂ ಒಂದು ಕಾಲದ ಗಣಿತದ ಮಾಸ್ತರರೇ. ಸೀನಿನ ನಡುವೆಯೇ ಚೀರಿದರು: "ವರ್ಗ ಬಿಟ್ಟೆಲ್ಲವ್ವಾ, ವಿಕರ್ಣದ ವರ್ಗ... ಆಕ್ಷೀ!"

ಮರುದಿನ ಐದಕ್ಕೆ ಅವರು ಬೀಗದ ಕೈಯನ್ನು ಅಕ್ಕೋರ ಮುಂದೆ ಹಿಡಿದರು. "ತಗೋರಿ. ಎಷ್ಟ ಹೊತ್ತ ಬೇಕಾದ್ರೂ ಪಾಠ ಮಾಡ್ರಿ."

ನಾವೆಲ್ಲ ಸೈಕಲ್ ಹಿಡಿದು ನಿಂತು ನೋಡಿದೆವು. ಅಕ್ಕೋರು ಕೈ ಚಾಚಲಿಲ್ಲ.

"ನಾ ಒಲ್ಲೆರಿ. ಬೀಗ ಹಾಕಿಸಿದವ್ರು ನೀವು, ದಿನಾ ನೀವ ಬಂದು ತಗೀರಿ. ಹಲಗಿ ಮ್ಯಾಲಿನ ಅರ್ಧ ಖಾಲಿ ಬಿದ್ದೈತಿ. ಅಲ್ಲಿ ಬರಿಯಾಕ ಒಬ್ರು ಬೇಕು."

"ನನಗ ಹುಕುಂ ಮಾಡಾಕತ್ತೀರೇನು?"

"ಹೌದ್ರಿ."

ಹೆಡ್ಮಾಸ್ತರರು ನೆರವಿಗಾಗಿ ನಮ್ಮತ್ತ ನೋಡಿದರು. ನಾವು ಒಟ್ಟಿಗೆ ಸೈಕಲ್ ಬೆಲ್ ಬಾರಿಸಿದೆವು.

ಅವರು ಬೀಗ ತೆಗೆದರು. ಸೀಮೆಸುಣ್ಣ ಎತ್ತಿಕೊಂಡು ಮೇಲಿನ ಅರ್ಧದಲ್ಲಿ ವೃತ್ತ ಬರೆದರು. ಅದು ಬದನೆಕಾಯಿಯಂತಿತ್ತು. ಕಿಟಕಿಯಿಂದ ಅದನ್ನು ಕಂಡ ಡ್ರಾಯಿಂಗ್ ಮಾಸ್ತರರು ತಡೆಯಲಾರದೆ, ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಒಳಗೆ ಓಡಿದರು.