ಗಂಗವ್ವನ ಗುಂಡಿಯೂ ನನ್ನ ಕೆಂಪು ಬಾವುಟವೂ

ನಾನು ಮದ್ರಾಸಿನಲ್ಲಿ ಬಿ.ಎ. ಮುಗಿಸಿ ಬಳ್ಳಾರಿಗೆ ಮರಳಿದ ಮರುವರ್ಷದ ಬೇಸಿಗೆ ಅದು. ಸರ್ವಜಿತ್ ಸಂವತ್ಸರವೋ ಸರ್ವಧಾರಿಯೋ, ಈಗ ಖಚಿತವಾಗಿ ಹೇಳಲಾರೆ. ನನ್ನ ಹೆಂಡತಿ ಸರ್ವಧಾರಿ ಎನ್ನುತ್ತಾಳೆ, ಹಿರಿಯ ಮಗಳು ಹುಟ್ಟಿದ ವರ್ಷವಂತೆ. ನನಗೆ ಅದಕ್ಕೂ ಹಿಂದಿನ ಬೇಸಿಗೆ ಎಂದೇ ಅನಿಸುತ್ತದೆ. ಈ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಮೊದಲೇ ಇದನ್ನು ಹೇಳಿದ್ದಕ್ಕೆ ಕಾರಣವಿದೆ. ನಾನು ಬರೆಯಹೊರಟಿರುವ ಸಂಗತಿಯೇ ನನ್ನ ನೆನಪಿಗೆ ಸಂಬಂಧಿಸಿದ್ದು, ಮತ್ತು ಆ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ.

ಬಳ್ಳಾರಿಯ ಗುತ್ತೇದಾರರೊಬ್ಬರು ಸಿರುಗುಪ್ಪದ ಹತ್ತಿರ ಕಾಲುವೆಯ ದಂಡೆ ಎತ್ತರಿಸುವ ಸರ್ಕಾರಿ ಕೆಲಸ ಹಿಡಿದಿದ್ದರು. ಅವರ ಹೆಸರು ಇಲ್ಲಿ ಬೇಡ. ಹೊಳೆಗೆ ಹೊಸ ನೀರು ಬರುವುದರೊಳಗೆ ಕೆಲಸ ಮುಗಿಯಬೇಕಿತ್ತು. ಆದರೆ ಮುಗಿಯುವ ಲಕ್ಷಣ ಕಾಣುತ್ತಿರಲಿಲ್ಲ. ಒಂದು ದಿನ ನನ್ನನ್ನು ಕರೆಸಿದರು.

"ಆಳು ಬೇಕಾದಷ್ಟು ಅದಾರ್ರಿ. ಆದ್ರ ಒಬ್ಬರಿಗೂ ಕೆಲಸದ ಮ್ಯಾಲೆ ಮನಸ್ಸಿಲ್ಲ. ನೀವು ಇಷ್ಟೆಲ್ಲ ಓದೀರಿ. ಅವರಿಗೆ ಮನಸ್ಸು ಬರೂ ಹಂಗ ಏನರ ಮಾಡ್ರಿ" ಎಂದರು.

ನನಗೆ ಬೇರೆ ಉದ್ಯೋಗವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇದು ಬುದ್ಧಿ ಇದ್ದವನಿಗೆ ಹದಿನೈದು ದಿನದ ಕೆಲಸ ಎಂಬ ಭ್ರಮೆ ಇತ್ತು. ಗಾಡಿ ಕಟ್ಟಿಸಿಕೊಂಡು ಹೊರಟು, ಸಿರಿಗೇರಿಯಲ್ಲಿ ತಂಗಿ, ಮರುದಿನ ಸಿರುಗುಪ್ಪ ಸೇರಿದೆ.

ಅಲ್ಲಿ ಎರಡು ತಂಡಗಳಿದ್ದವು. ಒಂದು ಸಿರುಗುಪ್ಪದ್ದೇ. ಅದರ ಮೇಸ್ತ್ರಿ ಹುಸೇನಸಾಬ, ಐವತ್ತು ದಾಟಿದ ಸಮಾಧಾನದ ಮನುಷ್ಯ. ಇನ್ನೊಂದು ಕುರುಗೋಡಿನಿಂದ ಬಂದದ್ದು. ಮಡಕೆ ಕುಡಿಕೆ, ಕೈಕೂಸು, ಆಡು ಎಲ್ಲ ಕಟ್ಟಿಕೊಂಡು ಬಂದು ದಂಡೆಯ ಮೇಲೇ ಗುಡಿಸಲು ಹಾಕಿದ್ದರು. ಅದರ ಯಜಮಾನಿಕೆ ಗಂಗವ್ವನೆಂಬ ಹೆಂಗಸಿನದು. ಹತ್ತು ವರ್ಷದ ಹಿಂದೆ ಧಾತು ಸಂವತ್ಸರದ ಬರದಲ್ಲಿ ಗಂಡ ತೀರಿಕೊಂಡ ಮೇಲೆ ಅವನ ತಂಡವನ್ನು ತಾನೇ ನಡೆಸಿಕೊಂಡು ಬಂದವಳು. ಅವಳ ದನಿಗೆ ಎತ್ತುಗಳೂ ನಿಲ್ಲುತ್ತಿದ್ದವು.

ಎರಡು ದಿನ ಸುಮ್ಮನೆ ಕೂತು ನೋಡಿದೆ. ಕೆಲಸ ನಿಧಾನವಾಗಲು ಕಾರಣ ಸ್ಪಷ್ಟವಾಗಿ ಕಂಡಿತು. ಸಂಜೆಯೊಳಗೆ ಎಷ್ಟು ಮಾಡಬೇಕು ಎಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ದಂಡೆಯ ಪಕ್ಕದಲ್ಲಿ ಗುಂಡಿ ತೋಡಿ ಮಣ್ಣು ಅಗೆಯುತ್ತಿದ್ದರು, ಪುಟ್ಟಿಯಲ್ಲಿ ದಂಡೆಗೆ ಹೊರುತ್ತಿದ್ದರು, ಹೊತ್ತು ಮುಳುಗಿದಾಗ ನಿಲ್ಲಿಸುತ್ತಿದ್ದರು. ಗುರಿ ಇಲ್ಲದಿದ್ದರೆ ಹುಮ್ಮಸ್ಸು ಎಲ್ಲಿಂದ ಬರಬೇಕು? ಮೂರನೆಯ ಬೆಳಿಗ್ಗೆ ಒಂದು ಬೇವಿನ ಗೂಟಕ್ಕೆ ಬಿಳಿ ಬಟ್ಟೆ ಕಟ್ಟಿ ದಂಡೆಯ ಮೇಲೆ ನೆಡಿಸಿ, ಇಂದು ಸಂಜೆಯೊಳಗೆ ಕೆಲಸ ಇಲ್ಲಿಯವರೆಗೆ ಬರಬೇಕು ಎಂದೆ.

ಆ ದಿನ ಮಧ್ಯಾಹ್ನದ ಹೊತ್ತಿಗೆ ಕೆಲಸ ಗೂಟವನ್ನು ಮುಟ್ಟಿತು. ಎಲ್ಲರೂ ಜಾಲಿಯ ನೆರಳಿಗೆ ಹೋಗಿ ಮಲಗಿದರು. ಎಬ್ಬಿಸಿದರೆ, "ಗೂಟ ಬಂತಲ್ರೀ" ಎಂದರು. ಮರುದಿನ ಗೂಟವನ್ನು ದೂರ ನೆಡಿಸಿದೆ. ಅದು ಮುಟ್ಟುವುದಿಲ್ಲವೆಂದು ಬೆಳಿಗ್ಗೆಯೇ ತೀರ್ಮಾನಿಸಿ ಮೊದಲಿಗಿಂತ ನಿಧಾನ ಮಾಡಿದರು. ಮೂರನೆಯ ದಿನ ಗಂಗವ್ವನ ಆಡು ಆ ಬಟ್ಟೆಯನ್ನೇ ತಿಂದುಹಾಕಿತು.

ನಾನು ಸೋಲಲಿಲ್ಲ. ಕೆಲಸ ಮಾಡುವವರ ಅಭಿಪ್ರಾಯವನ್ನೇ ಕೇಳೋಣವೆಂದು ಎಲ್ಲರನ್ನೂ ಕೂಡಿಸಿ, "ಕೆಲಸ ಹೇಗೆ ನಡೆದರೆ ಚೆನ್ನ? ನಿಮಗೆ ಏನು ಬೇಕು? ಹೆದರದೆ ಹೇಳಿ" ಎಂದೆ.

ಎಲ್ಲರೂ ಗಂಗವ್ವನ ಕಡೆ ನೋಡಿದರು. ಅವಳು, "ನೀವ ಹೇಳ್ರಿ ಧಣಿ, ನಾವು ಕೇಳ್ತೀವಿ" ಎಂದಳು.

"ಅಲ್ಲವ್ವಾ, ನೀವು ಹೇಳಬೇಕು, ನಾನು ಕೇಳಬೇಕು."

"ಅದನ್ನೂ ನೀವ ಹೇಳ್ರಿ."

ಎಲ್ಲರೂ ನಕ್ಕರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಕೊನೆಗೆ ಎರಡು ತಂಡಗಳಿಗೆ ಪೈಪೋಟಿ ಹಚ್ಚಿದೆ. ಬಳ್ಳಾರಿ ರೈಲು ನಿಲ್ದಾಣದ ಪರಿಚಯದವರೊಬ್ಬರಿಂದ ಒಂದು ಹಳೆಯ ಕೆಂಪು ಬಾವುಟ ತರಿಸಿ, ಪ್ರತಿ ಸಂಜೆ ಯಾರ ಕೆಲಸ ಮೇಲೋ ಅವರ ಗುಂಡಿಯ ಅಂಚಿಗೆ ಅದನ್ನು ನೆಡುವುದಾಗಿ ಸಾರಿದೆ. ಹುಸೇನಸಾಬ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಸ್ವಾಮೇರ, ಇದು ರೈಲು ನಿಲ್ಲಸೂ ಬಟ್ಟಿ. ಇದನ್ನ ನೆಟ್ಟರ ಕೆಲಸ ಓಡತೈತೇನ್ರಿ?"

ಅವನಿಗೆ ಬಾವುಟ ಬೇಕಾಗಿರಲಿಲ್ಲ. ಆದರೆ ಗಂಗವ್ವನ ತಂಡಕ್ಕೆ ಅದೊಂದು ಹುಚ್ಚೇ ಹಿಡಿಯಿತು. ಪರ ಊರಿನಿಂದ ಬಂದವರಲ್ಲವೇ, ಇಲ್ಲಿಯವರೆದುರು ಗೆಲ್ಲಬೇಕೆಂಬ ಹಟ. ಹೆಂಗಸರು ಪುಟ್ಟಿ ಹೊತ್ತು ಓಡುತ್ತಲೇ ದಂಡೆ ಹತ್ತುತ್ತಿದ್ದರು. ನಾನು ದಿನಾ ನನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಗುತ್ತೇದಾರರಿಗೆ ಉದ್ದನೆಯ ಕಾಗದವನ್ನೂ ಬರೆದೆ. ಅದರಲ್ಲಿ ನನ್ನನ್ನು ನಾನು ಹೊಗಳಿಕೊಂಡಿದ್ದು ನೆನಪಿದೆ. ಅಂಥವು ಮಾತ್ರ ಚೆನ್ನಾಗಿ ನೆನಪಿರುತ್ತವೆ.

ಗುಂಡಿಗಳ ನಡುವೆ ಅಲ್ಲಲ್ಲಿ ಅಗೆಯದೆ ಬಿಟ್ಟ ಮಣ್ಣಿನ ದಿಬ್ಬಗಳಿದ್ದವು. ಕೆಲವು ಮೊಳಕಾಲೆತ್ತರ, ಕೆಲವು ಸೊಂಟದೆತ್ತರ; ಅವುಗಳ ತಲೆಯ ಮೇಲೆ ಹಳೆಯ ಹುಲ್ಲು ಹಾಗೆಯೇ ಒಣಗಿ ನಿಂತಿತ್ತು. ನನ್ನ ಕಣ್ಣಿಗೆ ಅದು ಅರ್ಧಂಬರ್ಧ ಕೆಲಸವಾಗಿ ಕಂಡು ಕಿರಿಕಿರಿಯಾಗುತ್ತಿತ್ತು. ಒಂದು ಸಂಜೆ ಹೋದಾಗ ಗಂಗವ್ವನ ಗುಂಡಿಗಳಲ್ಲಿ ಆ ದಿಬ್ಬಗಳಿರಲಿಲ್ಲ. ತಳ ಅಂಗಳದಂತೆ ಸಾಪಾಗಿತ್ತು. ಸಂತೋಷದಿಂದ ಬಾವುಟ ಅವಳಿಗೇ ಕೊಟ್ಟೆ.

ನಾಲ್ಕೈದು ದಿನದ ಮೇಲೆ, ಹಣ ಕೊಡುವ ಮೊದಲು ಅಗೆದ ಮಣ್ಣಿನ ಅಳತೆಗೆ ಸರ್ಕಾರದ ಓವರ್ಸಿಯರ್ ಬಂದರು. ಗುತ್ತೇದಾರರೂ ಬಳ್ಳಾರಿಯಿಂದ ಬಂದಿದ್ದರು. ಓವರ್ಸಿಯರ್ ಮೊದಲು ಹುಸೇನಸಾಬನ ಗುಂಡಿಗೆ ಇಳಿದು, ಆ ದಿಬ್ಬಗಳ ತಲೆಯಿಂದ ಬುಡದವರೆಗೆ ಟೇಪು ಹಿಡಿದು ಒಂದೊಂದನ್ನೇ ಬರೆದುಕೊಂಡರು. ಅವು ಏನೆಂದು ನನಗೆ ಗೊತ್ತಾದದ್ದು ಆಗಲೇ. ಆ ದಿಬ್ಬಗಳನ್ನು ಜನ ಸಾಕ್ಷಿ ಎನ್ನುತ್ತಿದ್ದರು. ನೆಲ ಮೊದಲು ಎಲ್ಲಿಯವರೆಗೆ ಇತ್ತು, ಎಷ್ಟು ಆಳ ಅಗೆದಿದ್ದಾರೆ ಎಂಬುದಕ್ಕೆ ಇದ್ದ ಆಧಾರ ಅದೊಂದೇ. ಮಣ್ಣಿನ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಗೊತ್ತಿರುವ ಈ ವಿಷಯ ಗೊತ್ತಿಲ್ಲದೆ ನಾನು ಅವರಿಗೆ ಕೆಲಸ ಕಲಿಸಲು ಹೋಗಿದ್ದೆ.

ಓವರ್ಸಿಯರ್ ಗಂಗವ್ವನ ಗುಂಡಿಯ ಅಂಚಿಗೆ ಬಂದು ನಿಂತರು.

"ಸಾಕ್ಷಿ ಎಲ್ಲಿ?"

"ತೆಗದೀವ್ರಿ" ಎಂದಳು ಗಂಗವ್ವ.

"ತೆಗದ್ರಾ? ಹಂಗಾದ್ರ ಇದು ನೀವು ಅಗದ ಗುಂಡಿನೋ, ಮೊದಲ ಇದ್ದ ತಗ್ಗೋ, ನನಗ ಹ್ಯಾಂಗ ಗೊತ್ತಾಗಬೇಕು? ಸಾಕ್ಷಿ ಕಿತ್ತೋರ ಕೆಲಸ ನಾನು ಬರಕೊಳ್ಳಂಗಿಲ್ಲ. ಇಂಥಾ ಮೋಸ ಮಾಡೋರಿಗೆ ಈ ತಾಲೂಕಿನಾಗ ಮತ್ತ ಮಣ್ಣಿನ ಕೆಲಸನೂ ಸಿಗಂಗಿಲ್ಲ."

ಗಂಗವ್ವ ತಿರುಗಿ ನನ್ನತ್ತ ಕೈ ತೋರಿಸಿದಳು. "ಮೋಸ ಯಾಕ ಮಾಡೂಣ್ರಿ? ಈ ಧಣ್ಯಾರ ಹೇಳಿದ್ರು, ತೆಗದ್ವಿ."

ಎಲ್ಲರೂ ನನ್ನ ಮುಖ ನೋಡಿದರು. ನಾನು ಹೇಳಿದ್ದು ಸಡಿಲ ಮಣ್ಣು ಬಿಡಬೇಡಿ ಎಂದು ಮಾತ್ರ. ಹಾಗೆಂದೇ ನನಗೆ ನೆನಪಿತ್ತು. ಹಾಗೆಯೇ ಹೇಳಿದೆ.

"ಪುಸ್ತಕದಾಗ ಏನ್ ಬರದೀರಿ ನೋಡೂಣು" ಎಂದರು ಓವರ್ಸಿಯರ್. ಕೊಟ್ಟೆ. ದಿನಕ್ಕೊಂದು ಪುಟ. ಕುರುಗೋಡಿನ ತಂಡ, ಹುಮ್ಮಸ್ಸು ಉತ್ತಮ. ಸಿರುಗುಪ್ಪದ ತಂಡ, ಹುಮ್ಮಸ್ಸು ಸಾಧಾರಣ. ಬಾವುಟ ಕುರುಗೋಡಿಗೆ. ಉದ್ದ ಅಗಲ ಆಳ ಒಂದೂ ಇರಲಿಲ್ಲ.

"ಈ ಹುಮ್ಮಸ್ಸನ್ನ ಯಾವ ಟೇಪಿನಾಗ ಅಳದ್ರಿ?" ಎಂದು ಪುಸ್ತಕ ಹಿಂದಕ್ಕೆ ಕೊಟ್ಟರು. ಗುತ್ತೇದಾರರು ಕೆಮ್ಮಿದರು.

ಗಂಗವ್ವ ಮಾತ್ರ ನನ್ನನ್ನು ಬಿಡಲಿಲ್ಲ. "ಬೇಸ್ತವಾರ ಹೊತ್ತು ಏರಿದಾಗ ನೀವು ಇಲ್ಲೇ ನಿಂತಿದ್ರಿ. ಕೊಡೆ ಬಲಗೈಯಾಗಿತ್ತು. ಅದರ ತುದಿಯಿಂದ ಆ ದಿಬ್ಬ ತಿವಿದು, ಇದನ್ನೆಲ್ಲ ತೆಗೀರಿ ಅಂದ್ರಿ. ಸಾಕ್ಷಿ ತೆಗೀಬಾರದ್ರೀ ಅಂದೆ. ನಾನು ದಿನಾ ಬರಕೊಳ್ತೀನಲ್ಲ, ಅಷ್ಟು ಸಾಕು ಅಂದ್ರಿ. ಓದಿದೋರು, ಬರಕೊಳ್ತಾರ ಬಿಡು ಅಂತ ಕಿತ್ತಿವಿ."

ಕೊಡೆಯ ತುದಿಗೆ ಮಣ್ಣು ಹತ್ತಿದ್ದು, ಅದನ್ನು ಹುಲ್ಲಿಗೆ ಒರೆಸಿದ್ದು ನನಗೆ ನೆನಪಿತ್ತು. ಮಾತು ಮಾತ್ರ ನೆನಪಿರಲಿಲ್ಲ. ಎಷ್ಟು ತಡಕಿದರೂ ಸಿಗಲಿಲ್ಲ.

"ಹೇಳಿರಬಹುದು. ನನಗೆ ನೆನಪಿಲ್ಲ" ಎಂದೆ.

"ಇರಬಹುದು ಅಂದ್ರ ಏನು? ಹೇಳೀರೋ ಇಲ್ಲೋ?" ಗಂಗವ್ವ ಒಂದು ಹೆಜ್ಜೆ ಮುಂದೆ ಬಂದಳು. "ಇಪ್ಪತ್ತು ಮಂದಿ ಹೊಟ್ಟಿ ಐತಿ ನನ್ನ ಹಿಂದ. ಕಳ್ಳರು ಅನಿಸಿಕೊಂಡು ಕುರುಗೋಡಿಗೆ ಹೋಗಬೇಕೇನು ನಾವು?"

ನನಗೆ ಸಿಟ್ಟು ಬಂದಿತ್ತು. ಅವಳ ಮೇಲೋ ನನ್ನ ಮೇಲೋ ಗೊತ್ತಿಲ್ಲ. ಖಚಿತವಿಲ್ಲದ್ದನ್ನು ನಿಜವೆಂದು ಹೇಳಬಾರದೆಂದು ನಾನು ಕಲಿತವನು. ಆ ಕಲಿಕೆಯನ್ನು ಮುಂದೆ ಹಿಡಿದುಕೊಂಡು ಸುಮ್ಮನೆ ನಿಂತೆ. ಓವರ್ಸಿಯರ್ ಟೇಪು ಸುತ್ತತೊಡಗಿದರು.

ಹುಸೇನಸಾಬ ನನ್ನ ತೋಳು ಹಿಡಿದು ನಾಲ್ಕು ಹೆಜ್ಜೆ ಪಕ್ಕಕ್ಕೆ ಕರೆದೊಯ್ದ.

"ನಿಮಗ ನೆನಪಿಲ್ಲ, ಇರಲಿ. ಲೆಕ್ಕಾಚಾರ ಮಾಡ್ರಿ. ಮಣ್ಣಿನ ಕೆಲಸದಾಗ ಮೋಸ ಮಾಡೋರು ಏನು ಮಾಡ್ತಾರ ಗೊತ್ತೇನ್ರಿ? ಸಾಕ್ಷಿ ಮ್ಯಾಲೆ ಹುಲ್ಲು ಸಮೇತ ಇನ್ನೊಂದು ಮಣ್ಣಿನ ಹೆಂಟಿ ಕೂಡಿಸಿ ಎತ್ತರ ಮಾಡ್ತಾರ, ಜಾಸ್ತಿ ಆಳ ಕಾಣಲಿ ಅಂತ. ಕಿತ್ತು ಒಗದ್ರ ಯಾರಿಗೆ ಲಾಭ? ತನ್ನ ಕೆಲಸ ತಾನ ಅಳಿಸಿ ಹಾಕೋ ಹುಚ್ಚರು ಯಾರರ ಅದಾರೇನ್ರಿ? ನೀವು ಹೇಳದ ಆಕಿ ಕಿತ್ತಾಳೇನು?"

ತರ್ಕವೆಂದರೆ ನನಗೆ ಪ್ರಾಣ. ಕಾಲೇಜಿನಲ್ಲಿ ಅದಕ್ಕೆ ಬಹುಮಾನ ಪಡೆದವನು ನಾನು. ಈ ಮನುಷ್ಯ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅವನ ವಾದದಲ್ಲಿ ಒಂದು ಬಿರುಕು ಹುಡುಕಿದೆ. ಸಿಗಲಿಲ್ಲ.

ಹಿಂತಿರುಗಿ ಬಂದು ಓವರ್ಸಿಯರ್ ಎದುರು ನಿಂತು, "ದಿಬ್ಬ ತೆಗೆಸಿದವನು ನಾನೇ. ಇವರದು ತಪ್ಪಿಲ್ಲ" ಎಂದೆ.

"ಈಗ ನೆನಪಾತೇನ್ರಿ?" ಎಂದರು ಅವರು.

"ಇಲ್ಲ. ಆದರೂ ನಾನೇ."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ಹುಸೇನಸಾಬನೇ ದಾರಿ ಹೇಳಿದ. ಗುಂಡಿಯಲ್ಲಿ ಅಳೆಯಲು ಆಗದಿದ್ದರೆ ದಂಡೆಯಲ್ಲಿ ಅಳೆಯಬಹುದು. ದಂಡೆಯನ್ನು ಅಡ್ಡಲಾಗಿ ಕಡಿದರೆ ಹಳೆಯ ಏರಿಯ ನೆತ್ತಿ ಎಲ್ಲಿದೆ ಎಂದು ಕಾಣುತ್ತದೆ, ಅದರ ಮೇಲಿರುವುದೆಲ್ಲ ಗಂಗವ್ವನ ತಂಡ ಹಾಕಿದ ಮಣ್ಣು. ಸಂಜೆಯೊಳಗೆ ಆ ಕಡಿತವನ್ನು ಮತ್ತೆ ತುಂಬಿ ಧಮ್ಮಸಿನಿಂದ ಬಡಿದು ಗಟ್ಟಿ ಮಾಡಿಕೊಡಬೇಕೆಂಬ ಕರಾರಿನ ಮೇಲೆ ಓವರ್ಸಿಯರ್ ಒಪ್ಪಿದರು.

ಗಂಗವ್ವನವರು ತಾವೇ ಏರಿಸಿದ ದಂಡೆಯನ್ನು ತಾವೇ ಕಡಿದರು. ಆಳಕ್ಕೆ ಹೋದಂತೆ ಕರಿ ಮಣ್ಣಿನ ಗಟ್ಟಿ ಪದರ ಸಿಕ್ಕಿತು. ಅದರ ಮೇಲೆ ಕೊಳೆತ ಹುಲ್ಲು, ಆಡಿನ ಹಿಕ್ಕೆ, ಗಾಡಿ ಹೋದ ಜಾಡು. ಹಳೆಯ ನೆತ್ತಿ ಅದೇ. ಅಲ್ಲಿಂದ ಮೇಲಕ್ಕೆ ಟೇಪು ಹಿಡಿದರು. ಮಣ್ಣು ಕೂತು ಅಡಕವಾಗಿದ್ದರಿಂದ ಅಗೆದದ್ದಕ್ಕಿಂತ ಕಡಿಮೆಯೇ ಬಂತು. ಗಂಗವ್ವ ಗೊಣಗಿದಳು. ಆದರೂ ಕೆಲಸ ಲೆಕ್ಕಕ್ಕೆ ಬಂತು, ಮೋಸವೆಂಬ ಮಾತು ಹೋಯಿತು.

ಕಡಿತ ತುಂಬಲು ಹುಸೇನಸಾಬನ ತಂಡ ಯಾರೂ ಹೇಳದೆಯೇ ಬಂದು ಸೇರಿಕೊಂಡಿತು. ಗೂಟವಿಲ್ಲ, ಬಾವುಟವಿಲ್ಲ. ಹೊತ್ತು ಮುಳುಗಲು ಇನ್ನೂ ಸಾಕಷ್ಟು ಸಮಯವಿರುವಾಗಲೇ ದಂಡೆ ಮೊದಲಿನಂತಾಯಿತು. ಹದಿನೈದು ದಿನ ನಾನು ತಿಣುಕಿದರೂ ಕಾಣದ ಕೆಲಸ ಅದು. ನೋಡುತ್ತ ನಿಂತ ನನಗೆ ಸಂತೋಷಕ್ಕಿಂತ ರೇಗಿದ್ದೇ ಹೆಚ್ಚು ಎಂದು ಒಪ್ಪಿಕೊಳ್ಳಬೇಕು.

ಗುತ್ತೇದಾರರು ಕುರುಗೋಡಿನ ತಂಡವನ್ನು ಕಾಲುವೆಯ ಕೆಲಸ ಮುಗಿಯುವವರೆಗೂ ಉಳಿಸಿಕೊಂಡರು. ಗಂಗವ್ವ ಒಂದೇ ಷರತ್ತು ಹಾಕಿದಳು. "ಈ ಧಣ್ಯಾರು ಒಳ್ಳೇರು. ಆದ್ರ ಗುಂಡಿ ಹತ್ರ ಬರೂದು ಬ್ಯಾಡ." ನನ್ನನ್ನು ಬಳ್ಳಾರಿಯ ಕಚೇರಿಗೆ ಕಾಗದ ಬರೆಯಲು ಹಾಕಿದರು.

ಹೊರಡುವ ಬೆಳಿಗ್ಗೆ ಗಾಡಿಯ ಹತ್ತಿರ ಗಂಗವ್ವ ಬಂದಳು. ಬಯ್ಯುತ್ತಾಳೆಂದುಕೊಂಡೆ. "ನಿಮಗ ನೆನಪಿದ್ದೂ ಇಲ್ಲ ಅಂದ್ರಿ ಅಂತ ನಮ್ಮ ಮಂದಿ ಅಂತಾರ. ನಾ ಹಂಗ ಅನ್ನಂಗಿಲ್ಲ. ನೆನಪಿಲ್ಲದಿದ್ರೂ ತಪ್ಪು ನಂದ ಅಂದ್ರಿ ನೋಡ್ರಿ, ಅದು ದೊಡ್ಡದು" ಎಂದಳು. ನಾನು ಏನು ಉತ್ತರ ಕೊಟ್ಟೆನೋ ತಿಳಿಯದು.

ಆಮೇಲೆ ಬಹಳ ಕಡೆ ಬಹಳ ಜನರಿಂದ ಕೆಲಸ ಮಾಡಿಸಿದ್ದೇನೆ. ಗುರಿ ಹೇಳುವ ಮೊದಲು, ಮಾಡಿದ್ದನ್ನು ನೀವು ಹೇಗೆ ತೋರಿಸುತ್ತೀರಿ ಎಂದು ಅವರನ್ನೇ ಕೇಳುತ್ತೇನೆ. ಮಾಡಿದ ಕೆಲಸ ಲೆಕ್ಕಕ್ಕೆ ಬರುತ್ತದೆಂಬ ನಂಬಿಕೆ ಇದ್ದರೆ ಜನ ತಾವಾಗಿಯೇ ದುಡಿಯುತ್ತಾರೆ ಎಂದಷ್ಟೇ ನನಗೆ ಗೊತ್ತಾಗಿರುವುದು. ಇನ್ನು ಬೇಸ್ತವಾರದ ಆ ಮಾತು ಇಂದಿಗೂ ನನಗೆ ನೆನಪಾಗಿಲ್ಲ. ಕೆಲವೊಮ್ಮೆ ಅದನ್ನು ಆಡುವ ನನ್ನ ದನಿ ಕಿವಿಯಲ್ಲಿ ಕೇಳಿದಂತಾಗುತ್ತದೆ. ಅದು ನಿಜವಾದ ನೆನಪೋ, ಗಂಗವ್ವ ಹೇಳಿದ್ದನ್ನೇ ನಾನು ಕೇಳಿಸಿಕೊಳ್ಳುತ್ತಿದ್ದೇನೋ ಹೇಳಲಾರೆ. ಹೇಳಿದವನು ನಾನೇ ಎಂಬುದರಲ್ಲಿ ಮಾತ್ರ ಈಗ ನನಗೆ ಸಂದೇಹವಿಲ್ಲ.