ಮೋತ್ಯಾನ ವಂಶವೃಕ್ಷ

ಭಾಲ್ಕಿಯಿಂದ ಬಂದು ಸಂಭಾಜಿನಗರದಲ್ಲಿ ನೆಲೆಸಿದ ಗುರುಲಿಂಗಪ್ಪನವರು ವಾಳೂಜ್‌ನ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಒಂದೇ ಉದ್ಯೋಗ ಹಿಡಿದಿದ್ದರು: ಗಂಗಾಪುರದ ಹೊಲದಲ್ಲಿ ಸಿಕ್ಕ ತಮ್ಮ ನಾಯಿ ಮೋತ್ಯಾ ತೋಳದ ಮರಿಯೆಂದು ಓಣಿಗೆಲ್ಲ ಸಾರುವುದು. ಮೋತ್ಯಾ ಬೆಕ್ಕು ಕಂಡರೆ ಮಂಚದ ಕೆಳಗೆ ತೂರುತ್ತಿತ್ತು.

ಸೊಸೆ ಭಾಗ್ಯಶ್ರೀ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಹಲ್ಲು, ಬುರುಡೆ ನೋಡಿ ಪ್ರಾಣಿಗಳ ನಂಟು ಹೇಳುವುದು ಗೊತ್ತಿತ್ತು. ಡಿಎನ್‌ಎ ಓದಿ ಹೇಳುವುದು ಗೊತ್ತಿರಲಿಲ್ಲ. ಅದನ್ನು ಕಲಿಸುವ ನಾಸಿಕ್‌ನ ತರಬೇತಿಗೆ ಹೆಸರು ಕೊಟ್ಟಳು. ಯಾವುದಾದರೂ ಪ್ರಾಣಿಯ ಎಂಜಲನ್ನು ಮೊದಲೇ ಕಳಿಸಬೇಕಿತ್ತು. ಮೋತ್ಯಾ ಮಾವನ ಮಾತನ್ನಷ್ಟೇ ಕೇಳುವುದರಿಂದ ಹತ್ತಿಕಡ್ಡಿಯನ್ನು ಅವರ ಕೈಗೇ ಕೊಟ್ಟಳು.

ನಾಸಿಕ್‌ನಲ್ಲಿ ಪಾಠ ಹೇಳುತ್ತಿದ್ದವನು ನಚಿಕೇತ, ಅಲ್ಲಿನ ಉಡುಪಿ ಹೋಟೆಲಿನವರ ಮಗ. ಒಂದೇ ಜೀನ್‌ನ ಅಕ್ಷರಗಳನ್ನು ಒಂದು ಪ್ರಾಣಿಯದರ ಕೆಳಗೆ ಇನ್ನೊಂದರದು ಬರುವಂತೆ ಸಾಲಾಗಿ ಹೊಂದಿಸುವುದು, ಎಲ್ಲೆಲ್ಲಿ ಅಕ್ಷರ ಬದಲಾಗಿದೆ ನೋಡುವುದು, ವ್ಯತ್ಯಾಸ ಕಡಿಮೆಯಿದ್ದವರನ್ನು ಹತ್ತಿರದ ಕೊಂಬೆಗೆ ಕೂರಿಸುವುದು. ಅವನು ತೋರಿಸಿದಂತೆ ಭಾಗ್ಯಶ್ರೀ ಮೋತ್ಯಾನ ಜೊತೆ ನಾಯಿ, ತೋಳ, ನರಿ, ಬೆಕ್ಕು, ಮನುಷ್ಯ ಎಲ್ಲರನ್ನೂ ಸೇರಿಸಿ ವಂಶದ ಮರ ಕಟ್ಟಿದಳು.

ಮೋತ್ಯಾ ಹೋಗಿ ಮನುಷ್ಯನ ಪಕ್ಕ ಕೂತಿತ್ತು.

“ಮೇಡಂ, ನಿಮ್ಮ ಕುತ್ರಾ ಮಾಣೂಸ್ ಆಗಿದೆ!” ನಾಯಿ ಮನುಷ್ಯನಾಗಿದೆಯೆಂದು ನಚಿಕೇತ ಮರಾಠಿ ಬೆರೆಸಿ ಕೂಗಿದ. ತರಗತಿ ಬಿದ್ದು ಬಿದ್ದು ನಕ್ಕಿತು. ಮರವನ್ನು ನಂಬಬಹುದೇ ಎಂದು ಭಾಗ್ಯಶ್ರೀ ಅಕ್ಷರಗಳ ಕಾಲಂಗಳನ್ನು ಚೀಟಿ ಎತ್ತಿದಂತೆ ಆರಿಸಿ ಮತ್ತೆ ಮತ್ತೆ ಕಟ್ಟಿ ನೋಡಿದಳು. ಪ್ರತಿಸಲವೂ ಅದೇ ಕೊಂಬೆ. ಕೆಂಪಾದ ಮುಖದಲ್ಲೇ ಮನೆಗೆ ಫೋನ್ ಮಾಡಿದಳು.

“ಮಾವ, ಖರೇ ಹೇಳ್ರಿ. ಕಡ್ಡಿ ಯಾರ ಬಾಯಾಗ ಹಾಕಿದ್ರಿ?”

“ಮೋತ್ಯಾ ಬಾಯಿ ತೆಗೀಲಿಲ್ಲವಾ. ನಿನ್ನ ಕೆಲ್ಸ ನಿಂದರಬಾರ್ದಂತ ನಂದೇ ಕೊಟ್ಟೆ. ನಾ ಏನಂತ ಬಂದೀನಿ ಅದ್ರಾಗ?”

“ಮನುಷ್ಯಾ ಅಂತ ಬಂದೀರಿ.”

“ಅಷ್ಟರೆ ಖಾತ್ರಿ ಆತಲ್ಲ!”

ಊರಿಗೆ ಮರಳಿದ ಭಾಗ್ಯಶ್ರೀ ಚಪಾತಿ ತೋರಿಸಿ ಮೋತ್ಯಾನ ಬಾಯಿ ತೆರೆಸಿ ತಾನೇ ಎಂಜಲು ತೆಗೆದು ಕಳಿಸಿದಳು. ಅಕ್ಷರಗಳು ಬಂದಾಗ ಊಟದ ಟೇಬಲ್ಲಿನ ಮೇಲೆ, ಯಾರ ನೆರವೂ ಇಲ್ಲದೆ ಮರ ಕಟ್ಟಿದಳು. ಬೀದಿನಾಯಿಗಳ ನಟ್ಟನಡುವೆ ಮೋತ್ಯಾ; ತೋಳ ಬೇರೆಯೇ ಕೊಂಬೆಯಲ್ಲಿ. ಗುರುಲಿಂಗಪ್ಪನವರು ಕನ್ನಡಕ ಒರೆಸಿ ಒರೆಸಿ ನೋಡಿದರು. ಅವರ ಸಪ್ಪೆ ಮುಖ ಕಂಡು ಅವಳಿಗೆ ಕನಿಕರವಾಯಿತು.

“ಇದು ತಾಯಿ ಕಡಿಂದ ಬರೋ ಡಿಎನ್‌ಎ ಮಾವ. ತಂದಿ ಕಡೇದು ಇದ್ರಾಗ ಕಾಣಂಗಿಲ್ಲ.”

“ಹಂಗಾರ ಅಪ್ಪ ತೋಳ!” ಅವರು ಆಗಲೇ ಚಪ್ಪಲಿ ಮೆಟ್ಟಿ ಗೇಟಿನತ್ತ ಹೊರಟಿದ್ದರು.

“ಅದನ್ನೂ ನೋಡಬಹುದ್ರಿ! ಬ್ಯಾರೆ ಪರೀಕ್ಷಾ ಅದ,” ಭಾಗ್ಯಶ್ರೀ ನಗು ತಡೆದು ಕೂಗಿದಳು.

ಗುರುಲಿಂಗಪ್ಪನವರು ಗಕ್ಕನೆ ನಿಂತರು. “ಬ್ಯಾಡವಾ. ಸತ್ತು ಹೋಗಿರೋ ಅದರಪ್ಪನ ಹೆಸರು ಯಾಕ ಕೆಡಸ್ತಿ?”